80 ರೂಪಾಯಿ ಬಾಕಿ: ಚೌಕಾಸಿ ಮಾಡೋ ನನ್ನ ದೋಸ್ತರಿಗೆ

(1/7)

ಮೊದಲನೇ ಫೋಟೋದಾಗ ನನ್ನ ಕೈಯಾಗ ಇರೋ ಮೀನು ನಾ ಹಿಡಿದದ್ದಲ್ಲ.

ಸ್ಟೋರಿ ಹಾಕಿದ ದಿನ "ಕಿನ್ನಾಳದ ಕಡಲವೀರ" ಅಂತ ರಿಪ್ಲೈ ಮಾಡಿದವರಿಗೆಲ್ಲ ಮೊದಲು ಸಾರಿ. ಅದು ಬೇಲೆಕೇರಿ ದಂಡಿ ಹತ್ರ ಒಬ್ಬ ಅಕ್ಕನ ಬುಟ್ಟಿಯಿಂದ ತಗೊಂಡ ನಂಗು. ಅಕ್ಕ ಒಂದು ಗುಡ್ಡೆಗೆ 200 ಹೇಳಿದ್ರು. ನಾವು ನಾಲ್ಕು ಮಂದಿ ನಿಂತು, ನಕ್ಕು, ಹೋದಂಗ ಮಾಡಿ ತಿರುಗಿ ಬಂದು, 120ಕ್ಕೆ ಇಳಿಸಿದ್ವಿ. ಆ ಚೌಕಾಸಿಯ ವಿಡಿಯೋನೂ ಐತಿ. ಹಾಕಂಗಿಲ್ಲ. ಯಾಕ ಹಾಕಂಗಿಲ್ಲ ಅಂತ ಹೇಳಾಕನ ಈ ಏಳು ಪೋಸ್ಟು.

ಬಿಕಾಂ ಓದೋ ಹುಡುಗ ನಾನು. ಲೆಕ್ಕ ಬಿಟ್ಟು ಮಾತಾಡಂಗಿಲ್ಲ. ಪೂರ್ತಿ ಓದ್ರಿ, ಆಮೇಲೆ ಬೈರಿ.

(2/7)

ದಸರಾ ರಜೆ. ಕ್ಲಾಸ್‌ಮೇಟ್ ಒಬ್ಬನ ಚಿಕ್ಕಪ್ಪ ಅಂಕೋಲಾದಾಗ ಇರ್ತಾರ. ಕೊಪ್ಪಳದಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾ. ಹಳೇ ನಂಬರಿನ ಪ್ರಕಾರ ಇದು ಒಂದೇ ರಸ್ತೆ, ರಾಷ್ಟ್ರೀಯ ಹೆದ್ದಾರಿ 63. ಅಂಕೋಲಾದಾಗ ಶುರುವಾಗಿ ನಮ್ಮ ಕೊಪ್ಪಳ ದಾಟಿ ಬಳ್ಳಾರಿ ಮ್ಯಾಲೆ ಗುತ್ತಿತನಕ ಹೋಗ್ತಿತ್ತು. ಒಂದು ಕಾಲಕ್ಕೆ ಅದಿರಿನ ಲಾರಿ ಸಾಲುಗಟ್ಟಿ ಬೇಲೆಕೇರಿ ಬಂದರಿಗೆ ಹೋಗಿದ್ದೂ ಇದೇ ದಾರಿಯಾಗ.

ನನ್ನ ತಲಿಯಾಗ ಇದ್ದದ್ದು ಕ್ಯಾಲಿಫೋರ್ನಿಯಾದ ರೀಲ್ಸು. ಅಲ್ಲಿ ಮಂದಿ ಮರಳಿನ ದಂಡಿ ಮ್ಯಾಲೆ ನಿಂತು, ತೆರೆಯೊಳಗ ಗಾಳ ಒಗೆದು, ಹ್ಯಾಲಿಬಟ್ ಅನ್ನೋ ಚಪ್ಪಟೆ ಮೀನು ಎಳೀತಾರ. ರೊಟ್ಟಿ ಹಂಚಿನಷ್ಟು ಅಗಲ! ಅವರದು ಹವ್ಯಾಸ. 22 ಇಂಚಿಗಿಂತ ಸಣ್ಣದಿದ್ರ ವಾಪಸ್ ನೀರಿಗೆ ಬಿಡಬೇಕು, ಹವ್ಯಾಸಕ್ಕೆ ಹಿಡಿದ ಮೀನು ಮಾರಂಗಿಲ್ಲ ಅಂತ ಕಾನೂನೇ ಐತಿ.

ನಮ್ಮ ಅರಬ್ಬಿ ಸಮುದ್ರದಾಗೂ ಇಂಡಿಯನ್ ಹ್ಯಾಲಿಬಟ್ ಐತಿ. ಆದ್ರ ಉತ್ತರ ಕನ್ನಡದ ಮನಿಯೊಳಗ ಹೆಚ್ಚು ಬೇಯೋ ಚಪ್ಪಟೆ ಮೀನು ನಂಗು. ಕೊಂಕಣಿಯಾಗ ಲೆಪ್ಪೊ. ಒಂದು ಗೇಣಿನೊಳಗಿನ ಮೀನು. ಮಳೆಗಾಲ ಮುಗಿದ ಮ್ಯಾಲೆ, ಸೆಪ್ಟೆಂಬರ್–ಅಕ್ಟೋಬರಿನಾಗ ದಂಡಿ ಹತ್ರ ಹಿಂಡು ಹಿಂಡಾಗಿ ಬರ್ತದ. ನಾನು ಆನ್‌ಲೈನ್‌ನಾಗ 1,200 ರೂಪಾಯಿ ಕೊಟ್ಟು ರಾಡ್ ತರಿಸಿಕೊಂಡು ಹೋಗಿದ್ದೆ. ದಂಡಿ ಮ್ಯಾಲೆ ಬಲೆ ಹೊಲಿಯುತ್ತ ಕೂತಿದ್ದ ಅಜ್ಜ ನನ್ನ ರಾಡ್ ನೋಡಿ ಕೇಳಿದ: "ಎಂತ ಹಿಡೀತೆ ತಮಾ?" "ನಂಗು" ಅಂದೆ. ಅಜ್ಜ ಸೂಜಿ ಕೆಳಗಿಟ್ಟು ನಕ್ಕ. "ನಂಗು ಬಲೆಗೆ ಬರೂದು. ಗಾಳಕ್ಕೆ ಬಂದ್ರೆ ಕಾಣೆ ಬರೂದು. ನೋಡು, ಪ್ರಯತ್ನ ಮಾಡು."

(3/7)

ಬೆಳಿಗ್ಗೆ 7ರಿಂದ ಸಂಜಿ 4ರ ತನಕ ನಿಂತೆ. ಒಂಬತ್ತು ತಾಸು.

ಒಗೆಯೋದು ಸರಳ ಅಂತ ತಿಳ್ಕೊಂಡಿದ್ದೆ. ಸರಳ ಅಲ್ಲ. ಮೊದಲನೇ ತೆರೆ ಒಡೆಯೋ ಜಾಗದ ಆಚೆ, ನೀರಿನ ಬಣ್ಣ ಸ್ವಲ್ಪ ಕಪ್ಪಾಗಿ ಕಾಣೋ ಕಡೆ ತಗ್ಗು ಇರ್ತದ, ಮೀನು ಅಲ್ಲೇ ಮೇಯ್ತದ. ಅಲ್ಲಿಗೆ ಮುಟ್ಟಿಸಬೇಕು. ಸೀಸದ ಗುಂಡು ಹಗುರಾದ್ರ ತೆರೆ ಎಲ್ಲಾನೂ ಹೊತ್ತು ತಂದು ನಿನ್ನ ಕಾಲಿಗೇ ಒಗೀತದ. ಭಾರ ಆದ್ರ ಮರಳಾಗ ಹೂತು ದಾರ ಹರೀತದ. ಸೀಗಡಿ ಸಿಗಿಸಿದ್ರ ಏಡಿ ತಿಂದು ಹೋಗ್ತದ. ದಾರ ಜಗ್ಗಿದಂಗ ಆಗ್ತದ, ನೋಡಿದ್ರ ಬರೇ ಗಾಳ. ಉಬ್ಬರ ಏರಿದಂಗ ನಾನು ಹಿಂದಕ್ಕೆ ಸರೀತಿದ್ದೆ, ಬಿಸಿಲು ಮಾತ್ರ ಸರೀಲಿಲ್ಲ. ಹೆಗಲು ಸೋತಿತ್ತು, ಉಪ್ಪಿಗೆ ತುಟಿ ಬಿರಿದಿತ್ತು.

ಸಿಕ್ಕಿದ್ದು: ಮೂರು ಕಾಣೆ. ಒಂದು ಬೆರಳುದ್ದ ಇತ್ತು, ನೀರಿಗೆ ಬಿಟ್ಟೆ. ಉಳಿದ ಎರಡು ಸೇರಿ ಸುಮಾರು 150 ಗ್ರಾಂ. ನಂಗು ಒಂದೂ ಇಲ್ಲ.

ಈಗ ಕಾಸ್ಟ್ ಶೀಟ್ ಬರೀರಿ, ಹೆಂಗೂ ಸೆಮಿಸ್ಟರ್ ಎಕ್ಸಾಮಿಗೆ ಬರ್ತದ.

ರಾಡ್ 20 ಸಲ ಬಳಸ್ತೀನಿ ಅಂತ ಹಿಡಿದ್ರ ಒಂದು ದಿನದ ಸವಕಳಿ: 60
ಸೀಗಡಿ: 100
ಕಳಕೊಂಡ ಗಾಳ, ಸೀಸ: 70
ಕೂಲಿ (2024-25ರ ಕರ್ನಾಟಕದ ನರೇಗಾ ದರ): 349
ಒಟ್ಟು: 579

150 ಗ್ರಾಮಿಗೆ 579 ರೂಪಾಯಿ. ಅಂದ್ರ ಕಿಲೋಕ್ಕ 3,860. ಬಸ್ ಚಾರ್ಜ್ ಹಿಡಿದಿಲ್ಲ. ಲಾಭ ಅನ್ನೋ ಸಾಲು ಬರದೇ ಇಲ್ಲ.

ಇಂಥ ದಿನ ಕಳೆದು, ಅದೇ ಸಂಜಿ, ಅದೇ ದಂಡಿಯಾಗ, ಅದೇ ಕೈಲೆ ನಾನು ಒಬ್ಬ ಅಕ್ಕನ ಹತ್ರ 80 ರೂಪಾಯಿ ಕಡಿಮೆ ಮಾಡಿಸಿದೆ.

(4/7)

ಅಕ್ಕ ಯಾಕ 120ಕ್ಕೆ ಒಪ್ಪಿದ್ರು? ನಾವು ಜಾಣರು ಅಂತ ಅಲ್ಲ. ಸಂಜಿ ಆಗಿತ್ತು ಅಂತ.

ಮೀನು ಅಂದ್ರ ಗಡಿಯಾರ ಕಟ್ಟಿಕೊಂಡ ಸರಕು. ಮುಂಜಾನೆ ದೋಣಿ ಬಂದಾಗ ಹರಾಜಿನಾಗ ಕೂಗಿ ತಗೋಬೇಕು, ಆಗ್ಲೇ ದುಡ್ಡು ಬಿದ್ದು ಹೋಯ್ತು. ಆಮೇಲೆ ಐಸು, ಟೆಂಪೋ. ಮಧ್ಯಾಹ್ನ ದಾಟಿದ ಮ್ಯಾಲೆ ತಾಸಿಗೊಂದು ಸಲ ರೇಟು ಬೀಳ್ತದ. ಉಳಿದ ನಂಗನ್ನ ಉಪ್ಪು ಹಾಕಿ ಒಣಗಿಸಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗೆ 61 ದಿನ ರಜೆ. ಮೀನು ಮರಿ ಹಾಕೋ ಕಾಲ, ಅದು ಬೇಕು. ಆದ್ರ ಆ 61 ದಿನವೂ ಮನಿಯಾಗ ಒಲೆ ಹತ್ತಬೇಕಲ್ಲ? ಆ ಖರ್ಚೂ ಅಕ್ಟೋಬರಿನ ಬುಟ್ಟಿಯೊಳಗ ಐತಿ.

ನಮ್ಮ ಹತ್ರ ಟೈಮ್ ಇತ್ತು, ಅಕ್ಕನ ಹತ್ರ ಇರಲಿಲ್ಲ. ಇದನ್ನ ನಮ್ಮ ಪುಸ್ತಕದಾಗ ಬಾರ್ಗೇನಿಂಗ್ ಪವರ್ ಅಂತಾರ. ಎರಡು ಕಡೆ ಬಲ ಸಮ ಇದ್ದಾಗ ಅದು ವ್ಯಾಪಾರ. ಒಬ್ಬರ ಸರಕು ಕಣ್ಣೆದುರಿಗೇ ಕೊಳೀತಿರಬೇಕಾದ್ರ, ಇನ್ನೊಬ್ಬ ಕಿಸೆಯಾಗ ಕೈ ಇಟ್ಕೊಂಡು ಕಾಯೋದು? ಅದಕ್ಕೆ ಬ್ಯಾರೆ ಹೆಸರು ಹುಡುಕ್ರಿ.

ನಂಗಿನ ಮರಿಗೆ ಹುಟ್ಟಿದಾಗ ಎರಡೂ ಕಡೆ ಒಂದೊಂದು ಕಣ್ಣು ಇರ್ತದ. ಬೆಳೀತಾ ಒಂದು ಕಣ್ಣು ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬಂದು ಕೂಡ್ತದ. ಆಮೇಲೆ ಇಡೀ ಆಯುಷ್ಯ ಒಂದೇ ಕಡೆ ನೋಡ್ಕೊಂತ ಮಲಗಿರ್ತದ. ಬುಟ್ಟಿ ಮುಂದ ನಿಂತಾಗ ನಮಗೂ ಹಂಗ ಆಗ್ತದ. ಎರಡೂ ಕಣ್ಣು ರೇಟಿನ ಕಡೆ.

(5/7)

ಈಗ ನಿಮ್ಮ ಕಮೆಂಟಿಗೆ ಮೊದಲೇ ಉತ್ತರ ಕೊಡ್ತೀನಿ.

"ಚೌಕಾಸಿ ನಮ್ಮ ಪದ್ಧತಿ, ನಮ್ಮವ್ವನೂ ಸಂತಿಯಾಗ ಮಾಡ್ತಾಳ." ಹೌದು, ನಮ್ಮವ್ವನೂ ಮಾಡ್ತಾಳ. ಆದ್ರ ವಾರಾವಾರ ಅದೇ ಕಾಯಿಪಲ್ಯೆ ಅಕ್ಕನ ಹತ್ರ. ಇವಳ ಹತ್ರ ಚಿಲ್ಲರೆ ಇಲ್ಲದಾಗ ಆಕಿ "ಮುಂದಿನ ವಾರ ಕೊಡು ಬೇ" ಅಂತಾಳ, ಆಕಿ ಮಗಳ ಮದುವಿಗೆ ಇವಳು ಮುಯ್ಯಿ ಮಾಡ್ಯಾಳ. ಕಡೀಕೆ ಅವ್ವ ಕೇಳೋದು ಕೊಸರು: ಎರಡು ಮೆಣಸಿನಕಾಯಿ, ಒಂದು ಸಿವುಡು ಕೊತ್ತಂಬರಿ. ಕೊಸರು ಕೊಡೋರು ನಕ್ಕೊಂತ ಕೊಡ್ತಾರ. ನಾವು ಇಸ್ಕೊಂಡ 80ಕ್ಕೆ ಆ ಅಕ್ಕ ನಗಲಿಲ್ಲ. ನಾವು ಮತ್ತ ಆ ಊರಿಗೆ ಹೋಗೋರೂ ಅಲ್ಲ.

"ಟೂರಿಸ್ಟ್ ಅಂದ್ರ ಡಬಲ್ ಹೇಳ್ತಾರ." ಹೇಳೋರು ಇದ್ದಾರ, ಇಲ್ಲ ಅನ್ನಂಗಿಲ್ಲ. ಹಂಗಿದ್ರ ನಾಲ್ಕು ಬುಟ್ಟಿ ನೋಡ್ರಿ, ಊರವರು ಎಷ್ಟಕ್ಕ ತಗೋತಾರ ನೋಡ್ರಿ, ಹೊಂದಲಿಲ್ಲ ಅಂದ್ರ ಸುಮ್ನ ಮುಂದ ನಡೀರಿ. ರೇಟ್ ಕೇಳೋದು ತಪ್ಪಲ್ಲ, ಬಿಟ್ಟು ಹೋಗೋದೂ ತಪ್ಪಲ್ಲ. "ಇದಕ್ಕಿಂತ ಆಗೂದಿಲ್ಲ ತಮಾ" ಅಂದ ಮ್ಯಾಲೂ ನಾಲ್ಕು ಮಂದಿ ಸುತ್ತುವರಿದು ಹಿಂಡ್ತೀವಲ್ಲ, ನಾ ಹೇಳ್ತಿರೋದು ಅದನ್ನ.

"ನಾವೂ ಸ್ಟೂಡೆಂಟ್ಸು, ನಮ್ಮ ಹತ್ರ ಎಲ್ಲಿ ಐತಿ ರೊಕ್ಕ?" ಬರ್ರಿ, ಇದಕ್ಕೂ ಲೆಕ್ಕ. ಉಳಿಸಿದ 80 ನಾಲ್ಕು ಮಂದಿಗೆ ಹಂಚಿದ್ರ ತಲಿಗೆ 20. ಬರುವಾಗ ಹುಬ್ಬಳ್ಳಿಯಾಗ ತಲಿಗೆ 150 ಕೊಟ್ಟು ಕೋಲ್ಡ್ ಕಾಫಿ ಕುಡಿದ್ವಿ. ಒಬ್ಬನರ "ಅಣ್ಣಾ, 120ಕ್ಕ ಕೊಡ್ರಿ" ಅಂದನೇನು? ದಾರಿಯಾಗ 20ರ ನೀರಿನ ಬಾಟ್ಲಿಗೆ 25 ಇಸ್ಕೊಂಡ್ರು, ಬಾಯಿ ಮುಚ್ಚಿಕೊಂಡು ಕೊಟ್ವಿ. ಎಸಿ ಇದ್ದಲ್ಲಿ ನಾವು ಜಂಟಲ್‌ಮೆನ್. ಬಿಸಿಲಾಗ ಕುಂತವರ ಮುಂದ ಮಾತ್ರ ನಾವು ವ್ಯಾಪಾರಿಗಳು. ರೊಕ್ಕ ನಿಜವಾಗ್ಲೂ ಕಡಿಮೆ ಇದ್ರ ಅರ್ಧ ಗುಡ್ಡೆ ಕೇಳ್ರಿ. ಕೊಡ್ತಾರ.

(6/7)

ಇದನ್ನೆಲ್ಲ ಬರಿಯೋ ಹಕ್ಕು ನನಗ ಎಲ್ಲಿಂದ ಬಂತು? ಹಕ್ಕಿಲ್ಲ. ನಾಚಿಕಿ ಐತಿ, ಅದಕ್ಕ ಬರೀತೀನಿ.

ನಮ್ಮೂರು ಕಿನ್ನಾಳ. ಹೆಸರು ಹೇಳಿದ್ರ ಮಂದಿ ಗೊಂಬಿ ಅಂತಾರ. ಜಿಐ ಟ್ಯಾಗ್ ಸಿಕ್ಕ ಗೊಂಬಿ, ಚಿತ್ರಗಾರರ ಮನಿಯ ಕೆಲಸ. ಹಗುರ ಕಟ್ಟಿಗಿ ಕೆತ್ತಬೇಕು. ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗಿ ಹೊಟ್ಟು, ಹುಣಸಿ ಬೀಜದ ಅಂಟು ಕೂಡಿಸಿ ಕಿಟ್ಟ ಮಾಡಬೇಕು. ಕೈಲೆ ಮೆತ್ತಬೇಕು, ಮ್ಯಾಲೆ ಅರಿವಿ ಚೂರು ಅಂಟಿಸಬೇಕು, ಅದರ ಮ್ಯಾಲೆ ಕಲ್ಲಿನ ಪುಡಿಯ ಲೇಪ. ಅದು ಒಣಗಿದ ಮ್ಯಾಲೆ ಬಣ್ಣ. ಮೋಡ ಮುಚ್ಚಿದ್ರ ಒಣಗಂಗಿಲ್ಲ, ಕಾಯಬೇಕು. ಗರುಡನ ಮೂಗಿನ ಒಂದು ಗೆರಿ ತಪ್ಪಿದ್ರ ಅಷ್ಟೂ ಕೆಡ್ತದ.

ಹೋದ ವರ್ಷ ಹೊರಗಿನಿಂದ ಕಾರಿನಾಗ ಒಂದು ಕುಟುಂಬ ಬಂದಿತ್ತು. ನಮ್ಮ ಓಣಿಯ ಒಬ್ಬ ಅಜ್ಜನ ಮನಿಗೆ ನಾನೇ ಕರಕೊಂಡು ಹೋದೆ. ಅಜ್ಜ ಒಂದು ರೇಟ್ ಹೇಳಿದ. ಅವರು ಅರ್ಧಕ್ಕ ಕೇಳಿದ್ರು. ನಾನು ನಡುವ ಬಾಯಿ ಹಾಕಿ, "ಅಜ್ಜಾ, ನಮ್ಮವರು, ಸ್ವಲ್ಪ ನೋಡಿ ಮಾಡು" ಅಂದೆ. ಅವರು ಯಾವ ನಮ್ಮವರು? ಅರ್ಧ ತಾಸಿನ ಪರಿಚಯ. ಅಜ್ಜ ನನ್ನ ಮುಖ ನೋಡಿ ಇಳಿಸಿ ಕೊಟ್ಟ. ಅವರು ನನ್ನ ಬೆನ್ನು ತಟ್ಟಿ, "ನಿನ್ನಿಂದ ಉಳೀತು ನೋಡು" ಅಂದ್ರು. ಆವತ್ತು ನನಗ ಖುಷಿ ಆಗಿತ್ತು. ಮನಿಗೆ ಬಂದು ಹೇಳಿಕೊಂಡಿದ್ದೆ ಕೂಡ.

ಅಜ್ಜನ ಮಗ ಈಗ ಬ್ಯಾರೆ ಊರಾಗ ಕೆಲಸಕ್ಕ ಹೋಗ್ತಾನ. ಕುಂಚ ಹಿಡಿಯಂಗಿಲ್ಲ. ನಾವು ಮಾತ್ರ ಸ್ಟೇಟಸ್ ಹಾಕ್ತೀವಿ: ಕಲೆ ಉಳಿಸಿ, ಪರಂಪರೆ ಉಳಿಸಿ. ಯಾರ ರೊಕ್ಕದಾಗ ಉಳಿಸೋದು? ರಂಪಣಿ ಬಲೆ ಗೊತ್ತಲ್ಲ, ಊರಿಗೆ ಊರೇ ದಂಡಿ ಮ್ಯಾಲೆ ನಿಂತು ಎಳೆದು ಪಾಲು ಹಂಚಿಕೊಳ್ತಿದ್ದ ಬಲೆ. 1970ರ ದಶಕದಾಗ ಪರ್ಸೀನ್ ದೋಣಿ ಬಂದ ಮ್ಯಾಲೆ ಅದು ಸೊರಗಿತು. ಅದನ್ನೂ ಈಗ ಎಲ್ಲಾರೂ ನೆನಪು ಮಾಡ್ಕೋತಾರ. ಬರೇ ನೆನಪಿನಿಂದ ಯಾರ ಹೊಟ್ಟಿನೂ ತುಂಬಂಗಿಲ್ಲ.

(7/7)

ಅವತ್ತು ರಾತ್ರಿ ಚಿಕ್ಕಪ್ಪನ ಮನಿಯಾಗ ನಂಗು ಫ್ರೈ ಮಾಡಿದ್ರು. ತಿನ್ನೋ ಪದ್ಧತಿ ಗೊತ್ತಿರೋರು ತಿಂದ್ರು, ನಾನು ಅವತ್ತೇ ಮೊದಲ ಸಲ ತಿಂದೆ. ನಡುವಿನ ಮುಳ್ಳು ಎಳೆದ್ರ ಬಾಚಣಿಕಿ ಹಂಗ ಬರ್ತದ. ಭಾಳ ರುಚಿ ಇತ್ತು. ರುಚಿ ಇದ್ದದ್ದಕ್ಕ ಇನ್ನಷ್ಟು ಸಂಕಟ ಆತು.

ಊಟ ಆದ ಮ್ಯಾಲೆ ಒಬ್ಬನೇ ಆ ರಸ್ತೆಗೆ ಹೋದೆ. ಅಕ್ಕ ಬುಟ್ಟಿ ತೊಳೀತಿದ್ರು. 80 ರೂಪಾಯಿ ಮುಂದಿಟ್ಟೆ. "ಎಂತಕ್ಕೆ?" ಅಂದ್ರು. ಹೇಳಿದೆ. ಕೈ ಒರೆಸಿಕೊಂಡು, "ವ್ಯಾಪಾರ ಮುಗ್ದು ಹೋಯ್ತು ತಮಾ. ಮೀನಿಲ್ದೆ ದುಡ್ಡು ತಗಂಬೂದಿಲ್ಲ. ನಾಳೆ ಬಾ, ತಾಜಾ ಕೊಡ್ತೆ" ಅಂದ್ರು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ರ ನನಗ ಹಗುರ ಆಗ್ತಿತ್ತು. ಮರುದಿನ ಬೆಳಿಗ್ಗೆ 6ಕ್ಕೆ ನಮ್ಮ ಬಸ್ಸಿತ್ತು. ಮೀನು ಬರೋಕಿಂತ ಮೊದಲೇ ನಾವು ಘಾಟ್ ಹತ್ತಿದ್ವಿ.

ದಾನ ಮಾಡ್ರಿ ಅಂತ ನಾ ಕೇಳ್ತಿಲ್ಲ. ಅಕ್ಕಗ ದಾನ ಬೇಕಿರಲಿಲ್ಲ, ರೇಟ್ ಬೇಕಿತ್ತು. ಮಾಡಬೇಕಾದ್ದು ಇಷ್ಟ: ಕೈಲೆ ದುಡಿದು ಮಾರೋರ ಹತ್ರ ಒಂದು ಸಲ ಕೇಳ್ರಿ. ಹೊಂದಿದ್ರ ಕೊಡ್ರಿ, ಇಲ್ಲಂದ್ರ ಕಡಿಮಿ ತಗೋರಿ, ಇಲ್ಲಂದ್ರ ನಮಸ್ಕಾರ ಹೇಳಿ ನಡೀರಿ. ಚೌಕಾಸಿಯ ರೀಲ್ಸ್ ಮಾಡಬ್ಯಾಡ್ರಿ. ಮಾಡಿದವನ ವಿಡಿಯೋಕ್ಕ ಲೈಕ್ ಒತ್ತಬ್ಯಾಡ್ರಿ. ಕಿನ್ನಾಳಕ್ಕ ಬರ್ರಿ, ಗೊಂಬಿ ಮನಿಗೆ ನಾನೇ ಕರಕೊಂಡು ಹೋಗ್ತೀನಿ. ಆದ್ರ ಈ ಸಲ ನಾನು ಅಜ್ಜನ ಕಡೆ ನಿಲ್ಲಾಂವ, ಮೊದಲೇ ಹೇಳಿರ್ತೀನಿ.

ಕೊಡಬೇಕಾದ ಖರ್ಚು ಕೊಡದೇ ಉಳಿದ್ರ ಅದನ್ನ ಉಳಿತಾಯ ಅನ್ನಂಗಿಲ್ಲ ಅಂತ ಫಸ್ಟ್ ಸೆಮ್‌ನಾಗೇ ಕಲಿಸ್ಯಾರ. ಅದು ಬಾಕಿ, ಹೊಣೆಯ ಕಡೆ ಬರೀಬೇಕು. ನನ್ನ ನೋಟ್‌ಬುಕ್ಕಿನ ಕೊನೇ ಹಾಳ್ಯಾಗ ಬರದೀನಿ: ಬೇಲೆಕೇರಿ ಅಕ್ಕ, 80. ಅದರ ಕೆಳಗ ನಮ್ಮ ಓಣಿಯ ಅಜ್ಜನ ಹೆಸರು. ಅಲ್ಲಿ ಎಷ್ಟು ಬರೀಬೇಕು ಅಂತ ಈ ವಾರ ಹೋಗಿ ಅಜ್ಜನ್ನ ಕೇಳಬೇಕು.

ನಿಮ್ಮ ಪಟ್ಟಿಯಾಗ ಯಾರ ಹೆಸರು ಐತಿ? ಕಮೆಂಟ್‌ನಾಗ ಬ್ಯಾಡ. ಹೋಗಿ ಕೊಟ್ಟು ಬರ್ರಿ.

#ಕಿನ್ನಾಳ #ಕೊಪ್ಪಳ #ಬೇಲೆಕೇರಿ #ನಂಗು #ಚೌಕಾಸಿ #ಬಿಕಾಂಹುಡುಗನಲೆಕ್ಕ