ಬೇಕು ಬೇರೆ, ಸಾಕು ಬೇರೆ

ತಾರ್ಕಿಕ ಸಾಮರ್ಥ್ಯದ ಪ್ರಶ್ನೆಗಳಲ್ಲಿ ಜಾಣ ಮಕ್ಕಳೂ ಎಡವುವ ಒಂದು ಜಾಗವಿದೆ. ಅಲ್ಲಿ ದೊಡ್ಡ ಲೆಕ್ಕವೇನೂ ಇರುವುದಿಲ್ಲ. 'ಬೇಕು' ಮತ್ತು 'ಸಾಕು' ಎಂಬ ಎರಡು ಪುಟ್ಟ ಪದಗಳನ್ನು ಒಂದೇ ಎಂದು ತಿಳಿಯುವುದರಿಂದ ಉತ್ತರ ತಪ್ಪುತ್ತದೆ.

ಒಂದು ಊರು ಮಳವಳ್ಳಿ ತಾಲ್ಲೂಕಿನಲ್ಲಿದೆ ಎಂದು ಗೊತ್ತಾಯಿತೆನ್ನಿ. ಅದು ಮಂಡ್ಯ ಜಿಲ್ಲೆಯಲ್ಲಿದೆ ಎನ್ನಲು ಅಷ್ಟು ಸಾಕು. ಈಗ ತಿರುಗಿಸಿ ನೋಡಿ. ಊರು ಮಂಡ್ಯ ಜಿಲ್ಲೆಯಲ್ಲಿದೆ ಎಂದಷ್ಟೇ ಗೊತ್ತಿದ್ದರೆ, ಅದು ಮಳವಳ್ಳಿ ತಾಲ್ಲೂಕು ಎನ್ನಲಾಗದು. ಮದ್ದೂರೋ ನಾಗಮಂಗಲವೋ ಇದ್ದೀತು. ಆದರೆ ಮಂಡ್ಯ ಜಿಲ್ಲೆಯಲ್ಲೇ ಇಲ್ಲವೆಂದರೆ ಮಳವಳ್ಳಿ ತಾಲ್ಲೂಕಿನ ಮಾತೇ ಇಲ್ಲ. ಇಲ್ಲಿ ತಾಲ್ಲೂಕು ಸಾಕಾಗುವ ಷರತ್ತು, ಜಿಲ್ಲೆ ಬೇಕೇಬೇಕಾದ ಷರತ್ತು.

ರೈತರ ಮನೆಯ ಮಕ್ಕಳಿಗೆ ಇದು ಹೊಸ ವಿಷಯವಲ್ಲ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಕಟ್ಟೆ ತುಂಬಿದರೆ ಜಿಲ್ಲೆಗೆಲ್ಲ ಸಂತೋಷವೇ. ಆದರೂ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿ ಕಡೆಯ ರೈತ ಅಷ್ಟಕ್ಕೇ ನಿಶ್ಚಿಂತನಾಗುವುದಿಲ್ಲ. ನಾಲೆಗೆ ನೀರು ಬಿಡಬೇಕು, ಕಾಲುವೆಯಲ್ಲಿ ಹೂಳು ತುಂಬಿರಬಾರದು, ಮೇಲಿನ ಗದ್ದೆಗಳನ್ನು ದಾಟಿ ನೀರು ಕೆಳಗೆ ಹರಿಯಬೇಕು. ಕಟ್ಟೆಯಲ್ಲಿ ನೀರು ಬೇಕು, ಅದೊಂದೇ ಸಾಲದು.

ಇದೇ ಮಾತು ಪರೀಕ್ಷೆಯಲ್ಲಿ ಹೀಗೆ ಬರುತ್ತದೆ. ಹೇಳಿಕೆ: 'ನಾಲೆಗೆ ನೀರು ಬಿಟ್ಟರೆ ಮಾತ್ರ ಈ ಗದ್ದೆಯಲ್ಲಿ ನಾಟಿ ನಡೆಯುತ್ತದೆ.' ಕೆಳಗಿನವುಗಳಲ್ಲಿ ಯಾವುವು ಖಚಿತ?

1. ನೀರು ಬಿಟ್ಟಿದ್ದಾರೆ, ಆದ್ದರಿಂದ ನಾಟಿ ನಡೆದಿದೆ.
2. ನಾಟಿ ನಡೆದಿದೆ, ಆದ್ದರಿಂದ ನೀರು ಬಿಟ್ಟಿದ್ದಾರೆ.
3. ನೀರು ಬಿಟ್ಟಿಲ್ಲ, ಆದ್ದರಿಂದ ನಾಟಿ ನಡೆದಿಲ್ಲ.
4. ನಾಟಿ ನಡೆದಿಲ್ಲ, ಆದ್ದರಿಂದ ನೀರು ಬಿಟ್ಟಿಲ್ಲ.

ಸರಿಯುತ್ತರ 2 ಮತ್ತು 3. ನೀರು ಬಿಟ್ಟೂ ಆಳು ಸಿಗದೆ ನಾಟಿ ನಿಂತಿರಬಹುದು. ಹಾಗಾಗಿ 1 ಮತ್ತು 4 ಖಚಿತವಲ್ಲ. ಈಗ ಹೇಳಿಕೆಯನ್ನು 'ನೀರು ಬಿಟ್ಟರೆ ನಾಟಿ ನಡೆದೇ ನಡೆಯುತ್ತದೆ' ಎಂದು ಬದಲಿಸಿ. ಉತ್ತರ ತಲೆಕೆಳಗಾಗಿ 1 ಮತ್ತು 4 ಸರಿಯಾಗುತ್ತವೆ. ಬೋರ್‌ವೆಲ್ ನೀರಿನಲ್ಲೂ ನಾಟಿ ಆಗಿರಬಹುದಾದ್ದರಿಂದ 2 ಮತ್ತು 3 ಬಿದ್ದುಹೋಗುತ್ತವೆ. 'ಮಾತ್ರ' ಎಂಬ ಒಂದು ಪದದ ಕೆಲಸ ಇದು.

ಮನೆಯಲ್ಲೂ ಇದೇ ಕಥೆ. "ಲೆಕ್ಕ ಮುಗಿಸಿದರೇನೇ ಆಟ" ಎಂದು ತಾಯಿ ಹೇಳಿದರೆ, "ಲೆಕ್ಕ ಮುಗಿಸಿದರೆ ಸಾಕು, ಆಟ" ಎಂದು ಮಗ ಕೇಳಿಸಿಕೊಳ್ಳುತ್ತಾನೆ. ಜಗಳ ಅಲ್ಲಿಂದ ಶುರು!

ಪೋಷಕರು ಗಮನಿಸಬೇಕಾದ ಇನ್ನೊಂದು ಮಾತಿದೆ. ಎಂಟನೇ ತರಗತಿಯ ಮಕ್ಕಳಿಗೆ ನಡೆಯುವ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಬೌದ್ಧಿಕ ಸಾಮರ್ಥ್ಯದ್ದೇ ಒಂದು ಪತ್ರಿಕೆ. ಆಯ್ಕೆಯಾದವರಿಗೆ ಒಂಬತ್ತನೇ ತರಗತಿಯಿಂದ ವರ್ಷಕ್ಕೆ 12,000 ರೂಪಾಯಿ. ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುತ್ತಿರಬೇಕು. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಬಾರದು. ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರು ಕನಿಷ್ಠ ಶೇ. 40, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಶೇ. 32 ಅಂಕ ಪಡೆಯಬೇಕು. ಇವೆಲ್ಲ 'ಬೇಕು'ಗಳು. ರಾಜ್ಯಕ್ಕೆ ಇಂತಿಷ್ಟೇ ವಿದ್ಯಾರ್ಥಿವೇತನ ಎಂಬ ಮಿತಿ ಇರುವುದರಿಂದ, ಅರ್ಹರಾದವರಲ್ಲಿ ಹೆಚ್ಚು ಅಂಕ ಪಡೆದವರಿಗೆ ಮಾತ್ರ ಅದು ಸಿಗುತ್ತದೆ. "ನಲವತ್ತು ದಾಟಿದೆ, ಹಣ ಬಂದೇ ಬರುತ್ತದೆ" ಎಂದು ನಂಬಿ ಕುಳಿತರೆ ನಿರಾಸೆಯಾದೀತು; ಮಗು ಎಲ್ಲೋ ತಪ್ಪಿತು ಎಂದು ಗದರಿಸುವುದಂತೂ ಸಲ್ಲದು. ತಯಾರಿಯ ಗುರಿ ನಲವತ್ತರಾಚೆ ಇರಲಿ.

ವಿದ್ಯಾರ್ಥಿಗಳೇ, ಷರತ್ತಿನ ಪ್ರಶ್ನೆ ಬಂದಾಗ ಎರಡು ಮಾತು ಕೇಳಿಕೊಳ್ಳಿ. ಇದಿಲ್ಲದೆ ಅದು ಆಗುವುದೇ? ಆಗದಿದ್ದರೆ ಇದು 'ಬೇಕು'. ಇದೊಂದಿದ್ದರೆ ಅದು ಆಗಿಯೇ ತೀರುವುದೇ? ಹೌದಾದರೆ ಇದು 'ಸಾಕು'. ಎರಡಕ್ಕೂ ಒಂದೇ ಸಲ ಉತ್ತರ ಬರೆಯಲು ಹೋಗಬೇಡಿ.

ಅಭ್ಯಾಸಕ್ಕೆ: ಬೆಂಗಳೂರಿನಿಂದ ರೈಲಿನಲ್ಲಿ ನೇರವಾಗಿ ಮಂಡ್ಯಕ್ಕೆ ಬರುವವರೆಲ್ಲ ಮದ್ದೂರು ದಾಟಿಯೇ ಬರುತ್ತಾರೆ. ನಿಮ್ಮ ಮಾವ ಮದ್ದೂರು ದಾಟಿ ಮಂಡ್ಯಕ್ಕೆ ಬಂದಿದ್ದಾರೆ. ಅವರು ರೈಲಿನಲ್ಲೇ ಬಂದರು ಎನ್ನಬಹುದೇ? ಉತ್ತರ: ಎನ್ನಲಾಗದು. ಬಸ್ಸೂ ಇದೆಯಲ್ಲ!