ಬಡೇಸೋಪಿನ ತಟ್ಟೆಯಲ್ಲಿ ಒಂದು ರೂಪಾಯಿ

ಕಳೆದ ಸೆಮಿಸ್ಟರಿನ ಕೊನೆಯ ಪರೀಕ್ಷೆ ಮುಗಿಸಿ ನಾವು ಐದು ಜನ ಗೆಳೆಯರು ಜಮಖಂಡಿಯ ಒಂದು ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ಅದು ನಾವು ದಿನಾ ಹೋಗುವಂಥ ಖಾನಾವಳಿಯಲ್ಲ. ಎ.ಸಿ. ಇತ್ತು, ದಪ್ಪ ಮೆನು ಕಾರ್ಡು ಇತ್ತು. ಕುಳಿತು ಹತ್ತು ನಿಮಿಷವಾದರೂ ಯಾರೂ ಬರಲಿಲ್ಲ. ಬಂದ ಸಪ್ಲಾಯರ್ ಆರ್ಡರ್ ಬರೆದುಕೊಂಡು ಹೋದವನು ಮುಕ್ಕಾಲು ತಾಸು ಮಾಯ. ಬಂದ ಪನೀರ್ ಮಸಾಲಾ ನಾವು ಹೇಳಿದ್ದಲ್ಲ. ತಂದೂರಿ ರೊಟ್ಟಿ ಆರಿ ಚರ್ಮದಂತಾಗಿತ್ತು. ನೀರು ಕೇಳಿದರೆ ಅವನು ತಿರುಗಿಯೂ ನೋಡದೆ 'ತರ್ತೀನಿ' ಎಂದ, ತರಲಿಲ್ಲ. ಬೀಳಗಿಯ ಗೆಳೆಯ ಎದ್ದು ಹೋಗಿ ತಾನೇ ಜಗ್ ತುಂಬಿಕೊಂಡು ಬಂದ. ತಪ್ಪಾಗಿ ತಂದ ಪನೀರನ್ನು ವಾಪಸ್ ಕಳಿಸಿದೆವು.

ಬಿಲ್ಲು ಬಂತು. ಊಟದ್ದು 1,180 ರೂಪಾಯಿ, ಶೇಕಡಾ 5ರ ಜಿಎಸ್‌ಟಿ 59, ಒಟ್ಟು 1,239. ಐನೂರರ ಮೂರು ನೋಟು ಇಟ್ಟೆವು. ಚಿಲ್ಲರೆಯಾಗಿ 261 ಬಂತು. ನಾನು 260 ಎತ್ತಿಕೊಂಡು, ಆ ಒಂದು ರೂಪಾಯಿಯ ನಾಣ್ಯವನ್ನು ಬಡೇಸೋಪಿನ ಮೇಲೆ ಸರಿಯಾಗಿ ಕಾಣುವಂತೆ ಇಟ್ಟೆ. ಎಲ್ಲರೂ ನಕ್ಕರು. ಟಿಪ್ಸ್ ಕೊಡದೇ ಹೋದರೆ ಮರೆತರು ಅಂದುಕೊಳ್ಳಬಹುದು, ಒಂದು ರೂಪಾಯಿ ಇಟ್ಟರೆ ತಿಳಿಯುತ್ತದೆ ಎಂಬುದು ನನ್ನ ಲೆಕ್ಕ.

ಬೈಕ್ ಚಾಲೂ ಮಾಡುವಾಗ ಅವನು ಓಡುತ್ತಾ ಹೊರಗೆ ಬಂದ. 'ಅಣ್ಣಾ, ನಿಮ್ಮದೊಂದ್ ರೂಪಾಯಿ ಒಳಗ ಉಳದಿತ್ರಿ, ತಗೋರಿ' ಎಂದು ನನ್ನ ಕೈಗೆ ಇಟ್ಟು, ಬಂದಷ್ಟೇ ಬೇಗ ಒಳಗೆ ಹೋದ. ನಿಜವಾಗಿಯೂ ಮರೆತಿದ್ದೇವೆ ಎಂದುಕೊಂಡನೋ, ನನ್ನ ಅವಮಾನವನ್ನು ನನಗೇ ವಾಪಸ್ ಕೊಟ್ಟನೋ, ಇವತ್ತಿಗೂ ಗೊತ್ತಿಲ್ಲ. ಅವನ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ವಯಸ್ಸು ನಮ್ಮದೇ ಇರಬೇಕು.

ಒಂದು ತಿಂಗಳ ನಂತರ ಅದೇ ಹೋಟೆಲಿಗೆ ಮತ್ತೆ ಹೋಗುವ ಪ್ರಸಂಗ ಬಂತು. ಅವನಿರಲಿಲ್ಲ. ಬೇರೆ ಹುಡುಗನನ್ನು ಕೇಳಿದೆ. 'ಬಿಟ್ಟಾನ್ರಿ, ಗೋವಾಕ ಹೋದ' ಎಂದ. ಅಂದು ಸರ್ವಿಸ್ ಸರಿ ಇರಲಿಲ್ಲ ಎಂದು ನಾನು ಹೇಳಿದ್ದಕ್ಕೆ ಅವನು ದಿನ ಯಾವುದೆಂದು ಕೇಳಿ ನಕ್ಕ. ಆ ದಿನ ಇಬ್ಬರು ಕೆಲಸಕ್ಕೆ ಬಂದಿರಲಿಲ್ಲವಂತೆ, ಎಲ್ಲ ಟೇಬಲ್ಲಿಗೂ ಅವನೊಬ್ಬನೇ. ಅಡುಗೆಯವರು ಬೇರೆ ಟೇಬಲ್ಲಿನದನ್ನು ನಮಗೆ ಕೊಟ್ಟು ಕಳಿಸಿದ್ದರು. ಕೊನೆಗೆ ಸಹಜವಾಗಿ ಒಂದು ಮಾತು ಹೇಳಿದ: 'ವಾಪಸ್ ಬಂದದ್ದರ ರೊಕ್ಕ ನಮ್ಮ ಪಗಾರದಾಗ ಮುರೀತಾರ್ರಿ.'

ಅಂದರೆ ನಾವು ವಾಪಸ್ ಕಳಿಸಿದ ಪನೀರಿನ ದುಡ್ಡು ಅವನೇ ತುಂಬಿದ್ದ. ಅದರ ಮೇಲೆ ನನ್ನ ಒಂದು ರೂಪಾಯಿ.

'ಮುರಿಯುವುದು' ಎಂಬ ಮಾತು ನನಗೆ ಹೊಸದಲ್ಲ. ನಾನು ರಬಕವಿ-ಬನಹಟ್ಟಿಯವನು. ಅಪ್ಪ ಬೇರೆಯವರ ವಿದ್ಯುತ್ ಮಗ್ಗದಲ್ಲಿ ಸೀರೆ ನೇಯುತ್ತಾರೆ. ಮಜೂರಿ ಸೀರೆಯ ಲೆಕ್ಕದಲ್ಲಿ. ಎಳೆ ತಪ್ಪಿದರೆ, ಕಲೆ ಬಿದ್ದರೆ ಅದು 'ಡ್ಯಾಮೇಜ್', ಆ ವಾರದ ಮಜೂರಿಯಲ್ಲಿ ಮುರಿಯುತ್ತಾರೆ. ನೂಲೇ ಹಳೆಯದಿತ್ತೋ, ಕರೆಂಟು ಹೋಗಿ ಬಂದಾಗ ಎಳೆ ಕಡಿಯಿತೋ ಎಂಬ ವಿಚಾರಣೆ ಇರುವುದಿಲ್ಲ. ಶನಿವಾರ ಸಂಜೆ ಅಪ್ಪ ಕಿಸೆಯಿಂದ ದುಡ್ಡು ತೆಗೆದು ಅವ್ವನ ಮುಂದೆ ಇಡುವಾಗ ಎಷ್ಟು ಮುರಿದಿದ್ದಾರೆ ಎಂಬುದು ಅವರು ಕೂರುವ ರೀತಿಯಲ್ಲೇ ನಮಗೆ ಗೊತ್ತಾಗುತ್ತಿತ್ತು. 'ಮಗ್ಗದ ಮುಂದ ನಿಂತಾವನ ಕೈ ಅಷ್ಟ ಕಾಣ್ತೈತಪ್ಪಾ, ನೂಲು ಎಲ್ಲಿಂದ ಬಂತು ಅಂತ ಯಾರೂ ಕೇಳಂಗಿಲ್ಲ' ಎಂದು ಒಮ್ಮೆ ಹೇಳಿದ್ದರು. ಆ ಮಾತು ಕೇಳಿ ಬೆಳೆದ ನಾನೇ ಬಡೇಸೋಪಿನ ತಟ್ಟೆಯ ಮುಂದೆ ಮಾಲಕನಂತೆ ಕುಳಿತೆ.

1936ರಲ್ಲಿ, ಅಂದರೆ ಬ್ರಿಟಿಷರ ಕಾಲದಲ್ಲೇ ಬಂದ ವೇತನ ಪಾವತಿ ಕಾಯ್ದೆ ಇದಕ್ಕೊಂದು ನಿಯಮ ಇಟ್ಟಿತ್ತು. ನಷ್ಟವಾಯಿತೆಂದು ಸಂಬಳ ಕಡಿತ ಮಾಡಬೇಕಾದರೆ ಆ ನಷ್ಟ ನೇರವಾಗಿ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಕಡಿತಕ್ಕೆ ಮೊದಲು ಅವನ ಮಾತು ಕೇಳಬೇಕು, ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ನಮ್ಮ ಕಡೆ ಎಷ್ಟು ಕಡೆ ಇದು ನಡೆಯುತ್ತದೆ ಎಂಬುದು ಓದುಗರಿಗೆ ಗೊತ್ತೇ ಇದೆ. ಟಿಪ್ಸ್ ಸಂಬಳವಲ್ಲ, ಆ ಕಾಯ್ದೆ ಗಿರಾಕಿಗೆ ಅನ್ವಯಿಸುವುದಿಲ್ಲ, ನಿಜ. ಆದರೆ ಮುರಿಯುವ ಮೊದಲು ಕೇಳಬೇಕು ಎಂಬಷ್ಟನ್ನು ನಾವು ಅಲ್ಲಿಂದ ತೆಗೆದುಕೊಳ್ಳಬಹುದಲ್ಲ? ನಾನು ಆ ದಿನ 'ಯಾಕೋ ತಮ್ಮಾ, ಇಷ್ಟು ಲೇಟು?' ಎಂದು ಒಂದು ಸಲವೂ ಕೇಳಿರಲಿಲ್ಲ.

ನನ್ನ ಮುಧೋಳದ ಗೆಳೆಯ ಇದನ್ನು ಒಪ್ಪುವುದಿಲ್ಲ. ಅವನ ವಾದ ಹೀಗೆ: ಟಿಪ್ಸ್ ಅಂದರೆ ಬಕ್ಷೀಸು, ಚೆನ್ನಾಗಿ ಮಾಡಿದವನಿಗೆ ಖುಷಿಯಿಂದ ಕೊಡುವುದು. ಕೆಟ್ಟ ಸರ್ವಿಸಿಗೂ ಕೊಟ್ಟರೆ, ಓಡಾಡಿ ದುಡಿಯುವವನಿಗೂ ಮೊಬೈಲ್ ನೋಡುತ್ತಾ ನಿಲ್ಲುವವನಿಗೂ ಏನು ವ್ಯತ್ಯಾಸ? ಸಂಬಳ ಕಡಿಮೆಯಿದ್ದರೆ ಅದು ಮಾಲಕನ ತಪ್ಪು, ವಿದ್ಯಾರ್ಥಿಗಳ ಕಿಸೆಯಿಂದ ಯಾಕೆ ತುಂಬಬೇಕು?

ಈ ಕೊನೆಯ ಮಾತಿನಲ್ಲಿ ಹುರುಳಿದೆ. ಅಮೆರಿಕದಲ್ಲಿ ಆಗಿರುವುದು ಇದೇ. ಅಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲಕ ಕೈಯಿಂದ ಕೊಡಬೇಕಾದ ಕೇಂದ್ರ ಕನಿಷ್ಠ ದರ ಗಂಟೆಗೆ 2.13 ಡಾಲರ್, 1991ರಿಂದ ಅಷ್ಟೇ ಇದೆ. ಉಳಿದವರಿಗೆ 7.25 ಡಾಲರ್. ನಡುವಿನ ಅಂತರ ಟಿಪ್ಸಿನಿಂದ ತುಂಬಬೇಕು, ತುಂಬದಿದ್ದರೆ ಮಾತ್ರ ಮಾಲಕ ಕೊಡಬೇಕು. ಹಾಗಾಗಿ ಅಲ್ಲಿ ಬಿಲ್ಲಿನ ಶೇಕಡಾ 15, 20 ಕೊಡದಿದ್ದರೆ ಜನ ಕೆಟ್ಟದಾಗಿ ನೋಡುತ್ತಾರೆ. ಅಲ್ಲಿನ ವಿಡಿಯೊ ನೋಡಿ ಇಲ್ಲಿ ಶೇಕಡಾ ಲೆಕ್ಕ ಹಾಕುವ ನಮ್ಮ ಕ್ಲಾಸಿನವರೂ ಇದ್ದಾರೆ. ನಮ್ಮಲ್ಲಿ ಟಿಪ್ಸ್ ಇದೆಯೆಂದು ಸಂಬಳ ಇಳಿಸುವ ಪ್ರತ್ಯೇಕ ದರ ಇಲ್ಲ. ಕರ್ನಾಟಕದಲ್ಲಿ ಹೋಟೆಲ್ ಕೆಲಸಕ್ಕೂ ಕನಿಷ್ಠ ವೇತನ ನಿಗದಿಯಾಗಿದೆ. ಅದನ್ನು ಕೊಡುವುದು ಮಾಲಕನ ಹೊಣೆ. ನಾವು ಕೊಡುವುದು ಅದರ ಮೇಲಿನದು.

ಬಲವಂತವೂ ಇಲ್ಲ. ದೊಡ್ಡ ಊರುಗಳಲ್ಲಿ ಬಿಲ್ಲಿನಲ್ಲೇ 'ಸರ್ವಿಸ್ ಚಾರ್ಜ್' ಸೇರಿಸುತ್ತಿದ್ದರು. ತಾನಾಗಿಯೇ ಹಾಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಕೋರ್ಟು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಕೆಲಸಕ್ಕೆಂದು ಬೆಂಗಳೂರು, ಪುಣೆಗೆ ಹೋಗುವ ಗೆಳೆಯರು ಬಿಲ್ಲನ್ನು ಒಮ್ಮೆ ಪೂರ್ತಿ ಓದಿ. ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ತೆರಿಗೆ, ಸರ್ವಿಸ್ ಚಾರ್ಜ್ ಹೋಟೆಲಿಗೆ. ಕೇಳಿದರೂ ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಸ್ವಂತ ಇಚ್ಛೆಯಿಂದ ಟಿಪ್ಸ್ ಕೊಡುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ.

ಹಾಗಾದರೆ ಗೆಳೆಯನೇ ಗೆದ್ದನೇ? ನನಗೆ ಹಾಗನ್ನಿಸುವುದಿಲ್ಲ. ಅವನ ವಾದ ನಡೆಯಬೇಕಾದರೆ, ಸರ್ವಿಸ್ ಕೆಟ್ಟದ್ದು ಆ ಹುಡುಗನಿಂದಲೇ ಎಂದು ಗೊತ್ತಿರಬೇಕು. ಊಟ ತಡವಾಗುವುದು ಅಡುಗೆಮನೆಯಿಂದ. ಜನ ಕಡಿಮೆ ಇಟ್ಟಿರುವುದು ಮಾಲಕ. ರೊಟ್ಟಿ ಆರಿದ್ದು, ಮಾಡಿಟ್ಟದ್ದನ್ನು ಎತ್ತಿ ತರಲು ಕೈ ಸಾಲದೆ. ಗಿರಾಕಿಯ ಎದುರು ಬಂದು ನಿಲ್ಲುವವನು ಮಾತ್ರ ಸಪ್ಲಾಯರ್, ಹಾಗಾಗಿ ಎಲ್ಲರ ಸಿಟ್ಟು ಅವನ ಮೇಲೆ. ಗಲ್ಲೆಯ ಮೇಲೆ ಕುಳಿತ ಮಾಲಕನ ಮುಂದೆ ಹೋಗಿ 'ಜನ ಸಾಲೂದಿಲ್ರಿ ನಿಮ್ಮಲ್ಲೆ, ಒಬ್ಬನ ಕೈಲಿ ಆಗೂದಿಲ್ಲ' ಎಂದು ಹೇಳುವ ಧೈರ್ಯ ನಮ್ಮ ಐವರಲ್ಲಿ ಒಬ್ಬರಿಗೂ ಇರಲಿಲ್ಲ. ಅವರಿಗೆ 'ಬರ್ತೀವ್ರಿ ಕಾಕಾ' ಎಂದು ನಕ್ಕು ಬಂದಿದ್ದೆವು.

ಅದಾದ ಮೇಲೆ ನಾನು ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಐದಾರು ಜನ ಕುಳಿತು ಸಾವಿರದ ಮೇಲೆ ಬಿಲ್ಲಾದರೆ, ಎಲ್ಲರೂ ಹತ್ತು ಹತ್ತು ಹಾಕಿ ಐವತ್ತು. ತಡವಾದರೆ ಯಾಕೆಂದು ಕೇಳುತ್ತೇನೆ. ಉತ್ತರ ಅಡುಗೆಮನೆಯ ಕಡೆ ಬೊಟ್ಟು ಮಾಡಿದರೆ ಟಿಪ್ಸ್ ಮುರಿಯುವುದಿಲ್ಲ, ಹೆಚ್ಚೆಂದರೆ ಮೂವತ್ತಾಗುತ್ತದೆ, ದೂರು ಗಲ್ಲೆಗೆ ಹೋಗುತ್ತದೆ. ಕೈ ಖಾಲಿ ಇದ್ದೂ ಕರೆದರೆ ಬಾರದವನಿಗೆ, ಹೆಣ್ಣುಮಕ್ಕಳ ಜೊತೆ ಅಸಡ್ಡೆಯಾಗಿ ಮಾತಾಡುವವನಿಗೆ ಏನೂ ಇಲ್ಲ. ಅದನ್ನೂ ಬಾಯಲ್ಲೇ ಹೇಳಿ ಬರುತ್ತೇನೆ, ನಾಣ್ಯದ ನಾಟಕ ಮಾಡುವುದಿಲ್ಲ. ತಿಂಗಳ ಕೊನೆಗೆ ನನ್ನಲ್ಲೇ ದುಡ್ಡಿಲ್ಲದಿದ್ದರೆ ಯಾರಿಗೂ ಇಲ್ಲ. ಅದಕ್ಕೆ ನಾಚಿಕೆಯೂ ಇಲ್ಲ. ಎರಡು ರೊಟ್ಟಿ ಮುಗಿಯುವ ಮೊದಲೇ ಮೂರನೆಯದನ್ನು ತಟ್ಟೆಗೆ ಹಾಕುವ ನಮ್ಮ ಖಾನಾವಳಿಯ ಅಕ್ಕನಿಗೆ ಯಾರೂ ಟಿಪ್ಸ್ ಇಡುವುದಿಲ್ಲ. 'ಬದನಿಕಾಯಿ ಭಾಳ ಚಲೋ ಆಗಿತ್ರಿ ಅಕ್ಕಾರ' ಅಂದರೆ ಮರುದಿನ ಒಂದು ಸೌಟು ಜಾಸ್ತಿ ಬೀಳುತ್ತದೆ. ಆ ಮನೆ ಆಕೆಯದೇ, ಗಲ್ಲೆಯೂ ಆಕೆಯದೇ. ಪಗಾರಕ್ಕೆ ನಿಂತ ಹುಡುಗನ ಲೆಕ್ಕ ಬೇರೆ.

ಈಗ ಇನ್ನೊಂದು ತೊಡಕು ಬಂದಿದೆ. ನಮ್ಮ ವಯಸ್ಸಿನವರ ಕಿಸೆಯಲ್ಲಿ ನೋಟೇ ಇರುವುದಿಲ್ಲ. ಎಲ್ಲ ಫೋನ್‌ಪೇ, ಗೂಗಲ್‌ಪೇ. ಬಿಲ್ಲಿನ ಮೇಲೆ ಐವತ್ತು ಸೇರಿಸಿ ಸ್ಕ್ಯಾನ್ ಮಾಡಿದರೆ ಅದು ಹೋಗುವುದು ಮಾಲಕನ ಖಾತೆಗೆ. ಅದರಲ್ಲಿ ಹುಡುಗನಿಗೆ ಎಷ್ಟು ಸಿಗುತ್ತದೋ ದೇವರೇ ಬಲ್ಲ. 'ನಂಬರ್ ಹೇಳು, ನಿನಗೇ ಹಾಕ್ತೀನಿ' ಎಂದು ಒಬ್ಬನನ್ನು ಕೇಳಿದೆ. ಅವನು ಗಲ್ಲೆಯ ಕಡೆ ನೋಡಿ ತಲೆಯಾಡಿಸಿದ, ಡ್ಯೂಟಿ ಮುಗಿಯುವವರೆಗೆ ಮೊಬೈಲ್ ಅಲ್ಲೇ ಇಡಬೇಕಂತೆ. ಹಾಗಾಗಿ ಈಗ ಪರ್ಸಿನಲ್ಲಿ ಹತ್ತರ ಐದಾರು ನೋಟು ಬೇರೆಯಾಗಿ ಇಟ್ಟುಕೊಂಡಿರುತ್ತೇನೆ.

ಹೋದ ವಾರ ಮುಧೋಳದಲ್ಲಿ ಅದೇ ಗೆಳೆಯನ ಜೊತೆ ಊಟಕ್ಕೆ ಹೋಗಿದ್ದೆ. ಅಲ್ಲಿಯೂ ತಡ. ಸಪ್ಲಾಯರನ್ನು ಕೇಳಿದರೆ 'ಒಲಿ ಮುಂದ ಒಬ್ಬರ ಅದಾರ್ರಿ, ಏನ್ ಮಾಡೂದು' ಎಂದ. ಎದ್ದು ಬರುವಾಗ ಹತ್ತರ ಮೂರು ನೋಟು ಇಟ್ಟೆ. ಗೆಳೆಯ ಅದರಲ್ಲಿ ಒಂದನ್ನು ಎತ್ತಿ ನನ್ನ ಕಿಸೆಗೆ ತುರುಕಿ, 'ಇಪ್ಪತ್ತು ಸಾಕಲೇ, ದಾಲ್ ಉಪ್ಪಾಗಿತ್ತು' ಎಂದ. ಉಪ್ಪು ಹಾಕಿದ್ದು ಆ ಹುಡುಗನಲ್ಲವಲ್ಲ ಎಂದು ನಾನು. ಬೈಕಿನ ತನಕ ಜಗಳವಾಡಿದೆವು. ಕೊನೆಗೆ ಅವನೇ ಗೊಣಗುತ್ತಾ ಒಳಗೆ ಹೋಗಿ ಆ ಹತ್ತನ್ನು ಇಟ್ಟು ಬಂದ. ದಾಲಿನ ಉಪ್ಪಿನ ವಿಷಯವನ್ನು ಗಲ್ಲೆಯ ಮುಂದೆ ಹೇಳಿಯೂ ಬಂದನಂತೆ.