ಹೊಸದೂ ಅಲ್ಲ, ಹಳೆಯದೂ ಅಲ್ಲ

ಮಕ್ಕಳೇ, ಅಳ್ನಾವರದಿಂದ ರಾಮನಗರದ ಹಾದಿ ಹಿಡಿದು ಅನಮೋಡ ಘಾಟು ಇಳಿದರೆ ಗೋವಾ. ಅಲ್ಲಿಗೆ ಹೋಗಿ ಬಂದವರು ಸಮುದ್ರದ ಮಾತಾಡುತ್ತಾರೆ, ಗೋಡಂಬಿ ತರುತ್ತಾರೆ. ಆದರೆ ಅಲ್ಲಿಯ ವೆರ್ಣಾ ಎಂಬಲ್ಲಿ ಒಂದು ಕಾಲಕ್ಕೆ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು ಎಂದರೆ ನಿಮ್ಮಲ್ಲಿ ಎಷ್ಟು ಮಂದಿ ನಂಬುತ್ತೀರಿ? ಎರಡೇ ಸೀಟು, ಎರಡೇ ಬಾಗಿಲು. ತಲೆಯ ಮೇಲಿನ ಟಪ್ಪು ಬೇಕಾದರೆ ಹಾಕುವುದು, ಬೇಡವಾದರೆ ತೆಗೆಯುವುದು. ಹೆಸರು ‘ಸ್ಯಾನ್ ಸ್ಟಾರ್ಮ್’. ಸ್ಟಾರ್ಮ್ ಎಂದರೆ ಬಿರುಗಾಳಿ. 1990ರ ದಶಕದ ಕೊನೆಗೆ ಹೊರಬಂದ ಈ ಗಾಡಿಯನ್ನು ಮಾಡಿದ ಸ್ಯಾನ್ ಬಳಗದವರೇ ಬೆಂಗಳೂರಿನಲ್ಲಿ ರೈಲು ಎಂಜಿನ್ನುಗಳನ್ನೂ ಮಾಡುವವರು. ರೈಲು ಜಂಕ್ಷನ್ನಿನ ಊರಿನವನಾದ ನನಗೆ ಅದೊಂದು ಸಂಬಂಧ ಸಾಕಾಯಿತು.

2001ರಲ್ಲಿ ಮೊದಲು ರಸ್ತೆಗೆ ಇಳಿದ ಕೆಂಪು ಬಣ್ಣದ ಅಂಥದೊಂದು ಗಾಡಿ ನಮ್ಮ ಹಿತ್ತಲಿನ ಶೆಡ್ಡಿನಲ್ಲಿದೆ. ನಾನು ಕೊಂಡದ್ದು 2012ರಲ್ಲಿ, ಆಗಿನ ಹೊಸ ಬುಲೆಟ್ ಮೋಟರ್ ಸೈಕಲ್ಲಿಗಿಂತ ಸ್ವಲ್ಪ ಹೆಚ್ಚು ಬೆಲೆಗೆ. ಮಾರಿದ ಗೋವಾದವರಿಗೆ ಅದು ಅಂಗಳದಲ್ಲಿ ಜಾಗ ತಿನ್ನುವ ವಸ್ತು. ಮನೆಗೆ ತಂದಾಗ ನಮ್ಮ ಮನೆಯವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ್ದು ಒಂದೇ ಮಾತು: “ಏನ್ರೀ, ಎರಡ ಸೀಟದಾವ. ನಾಳೆ ಮೊಮ್ಮಕ್ಕಳು ಬಂದ್ರ ಎಲ್ಲಿ ಕೂಡಸ್ತೀರಿ?” ಈಗ ಮೊಮ್ಮಕ್ಕಳು ಮೂವರು. ಚೀಟಿ ಎತ್ತುತ್ತೇವೆ. ಬಂದವರು ಬೆಲ್ಟು ಬಿಗಿದು ಕೂಡುತ್ತಾರೆ, ಉಳಿದ ಇಬ್ಬರು ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂಡುತ್ತಾರೆ.

ಸ್ಪೋರ್ಟ್ಸ್ ಕಾರು ಎಂದರೆ ಸಿನಿಮಾದಲ್ಲಿ ಬರುವಂತೆ ಹಾರಿ ಹೋಗಬೇಕು ಎಂದು ನೀವು ತಿಳಿದಿರಬಹುದು. ಹಾಗೇನಿಲ್ಲ. ಸ್ಟಾರ್ಮಿನ ಎಂಜಿನ್ 1149 ಸಿಸಿ, ಶಕ್ತಿ 60 ಕುದುರೆಯಷ್ಟು. ಆಗಿನ ಮಾರುತಿ 800ಕ್ಕೆ 40ರ ಹತ್ತಿರ ಇತ್ತು ಎಂದರೆ ಲೆಕ್ಕ ಸಿಕ್ಕೀತು. ಇಂದಿನ ಸಾಧಾರಣ ಕಾರುಗಳೇ ಇದನ್ನು ಹಿಂದೆ ಹಾಕುತ್ತವೆ. ಆದರೆ ಇದರಲ್ಲಿ ಕೂತರೆ ನೆಲ ಕೈಗೆ ಎಟುಕುವಷ್ಟು ಹತ್ತಿರ. ಗಂಟೆಗೆ 50 ಕಿಲೋಮೀಟರು ಹೋದರೂ 80ರಲ್ಲಿ ಹೋದಂತೆ ಎದೆ ಝಲ್ಲೆನ್ನುತ್ತದೆ. ಹಳಿಯಾಳದ ಕಡೆ ಕಾಡಿನ ತಿರುವಿನಲ್ಲಿ ಹಗುರ ಗಾಡಿ ಹೇಳಿದ ಕಡೆ ತಿರುಗುವುದೇ ಒಂದು ಸುಖ. ಜಪಾನಿನ ಮಾಜ್ದಾ ಕಂಪನಿ 1989ರಲ್ಲಿ ಇದೇ ಲೆಕ್ಕದ ಮೇಲೆ ಎಂಎಕ್ಸ್–5 ಎಂಬ ಸಣ್ಣ ಗಾಡಿ ತಂದಿತು. ಹಗುರ, ಎರಡು ಸೀಟು, ಕೈಗೆಟುಕುವ ಬೆಲೆ. ಅಂಥವು ಜಗತ್ತಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದವು. ನಮ್ಮ ಸ್ಟಾರ್ಮ್ ಮಾತ್ರ ಕೈಬೆರಳೆಣಿಕೆಯ ಊರುಗಳಲ್ಲಿ ಕಂಡು ಮರೆಯಾಯಿತು.

ಇದರ ಮೈ ತಗಡಿನದಲ್ಲ, ಫೈಬರಿನದು. ಅಜ್ಜಂದಿರು ಮಣ್ಣಿನ ಗೋಡೆ ಕಟ್ಟುವಾಗ ಕೆಸರಿಗೆ ಹುಲ್ಲು ಕಲಸಿ ತುಳಿಯುತ್ತಿದ್ದುದನ್ನು ನೋಡಿದ್ದಾರೆ. ಹುಲ್ಲಿನ ಎಳೆ ಗೋಡೆ ಬಿರಿಯದಂತೆ ಹಿಡಿಯುತ್ತದೆ. ಫೈಬರೂ ಹಾಗೆಯೇ. ಹುಲ್ಲಿನ ಬದಲು ಗಾಜಿನ ಸಣ್ಣ ಎಳೆಗಳ ಚಾಪೆ, ಕೆಸರಿನ ಬದಲು ಅಂಟು ರಾಳ. ಅಚ್ಚಿನೊಳಗೆ ಹಾಸಿ ಒಣಗಿಸಿದರೆ ಕಾರಿನ ಮೈ ಸಿದ್ಧ. ತಗಡನ್ನು ಒತ್ತಿ ಆಕಾರ ಕೊಡುವ ಯಂತ್ರಕ್ಕೂ ಅಚ್ಚಿಗೂ ಕೋಟಿಗಟ್ಟಲೆ ಹಣ ಬೇಕು. ಫೈಬರಿಗೆ ಅಷ್ಟು ಬೇಡ, ಆದರೆ ಕೈಕೆಲಸ ಬಹಳ, ನಿಧಾನ. ಅದಕ್ಕೇ ನೂರಿನ ಲೆಕ್ಕದಲ್ಲಿ ಕಾರು ಮಾಡುವವರು ಫೈಬರ್ ಹಿಡಿಯುತ್ತಾರೆ, ಲಕ್ಷದ ಲೆಕ್ಕದವರು ತಗಡು ಹಿಡಿಯುತ್ತಾರೆ. ಅಳ್ನಾವರದ ಮಳೆ ನಿಮಗೆ ಗೊತ್ತಲ್ಲ, ಜೂನಿನಿಂದ ತಾಡಪತ್ರಿ ತೆಗೆಯುವ ಹಾಗಿಲ್ಲ. ಫೈಬರಿಗೆ ತುಕ್ಕು ಹಿಡಿಯುವುದಿಲ್ಲ ಎನ್ನುವುದೇ ನನ್ನ ಪುಣ್ಯ. ಕೆಳಗಿನ ಕಬ್ಬಿಣದ ಚಾಸಿಗೆ ಮಾತ್ರ ಹಿಡಿಯುತ್ತದೆ. ವರ್ಷಕ್ಕೊಮ್ಮೆ ಮಲಗಿ ನೋಡಿ, ಉಜ್ಜಿ, ಕಪ್ಪು ಬಳಿಯಬೇಕು. ಬಾಗಿಲ ಬಳಿ ಫೈಬರ್ ಬಿರಿದಾಗ ಹುಬ್ಬಳ್ಳಿಯಲ್ಲಿ ಫೈಬರ್ ಮೂರ್ತಿ ಮಾಡುವವರೊಬ್ಬರು ಒಂದು ಮಧ್ಯಾಹ್ನದಲ್ಲಿ ಕೂಡಿಸಿಕೊಟ್ಟರು.

ಈ ಫೈಬರ್ ಕಾರಿಗೆ ನಮ್ಮ ರಾಜ್ಯದಲ್ಲೇ ಒಬ್ಬ ಅಣ್ಣನಿದ್ದ. ಅಜ್ಜ ಅಜ್ಜಿಯರೇ, ‘ಡಾಲ್ಫಿನ್’ ನೆನಪಿದೆಯೇ? ಬೆಂಗಳೂರಿನ ಸಿಪಾನಿಯವರು 1982ರಲ್ಲಿ ತಂದ ಪುಟ್ಟ ಕಾರು. ಅದಕ್ಕೂ ಮೊದಲು, 1970ರ ದಶಕದಲ್ಲಿ, ಅವರೇ ‘ಬಾದಲ್’ ಎಂಬ ಮೂರು ಚಕ್ರದ ಕಾರು ಮಾಡಿದ್ದರು. ಮುಂದೆ ಒಂದು ಗಾಲಿ, ಹಿಂದೆ ಎರಡು. ಡಾಲ್ಫಿನ್ನಿಗೆ ಮೂಲ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ‘ಕಿಟನ್’. ಕಿಟನ್ ಎಂದರೆ ಬೆಕ್ಕಿನ ಮರಿ. ಅಲ್ಲಿ ಬೆಕ್ಕಿನ ಮರಿಯಾಗಿದ್ದದ್ದು ಇಲ್ಲಿ ಬಂದು ಮೀನಿನಂಥ ಡಾಲ್ಫಿನ್ ಆಯಿತು! 848 ಸಿಸಿಯ ಅಲ್ಯುಮಿನಿಯಂ ಎಂಜಿನ್, ಫೈಬರ್ ಮೈ. ಅಂಬಾಸಿಡರ್ ಒಂದು ಟನ್ನಿಗೂ ಮೇಲೆ ತೂಗುತ್ತಿದ್ದ ಕಾಲದಲ್ಲಿ ಇದು ಅದರ ಅರ್ಧದ ಆಸುಪಾಸು. ಹಗುರ ಇದ್ದದ್ದರಿಂದ ರೇಸಿನವರು ಇದನ್ನು ಬಿಡಲಿಲ್ಲ. ಮದ್ರಾಸಿನ ಬಳಿ ಶೋಳಾವರಂನ ಹಳೆ ವಿಮಾನ ಪಟ್ಟಿಯ ಮೇಲೆ ನಡೆಯುತ್ತಿದ್ದ ಓಟಗಳಲ್ಲಿ, ರ‍್ಯಾಲಿಗಳಲ್ಲಿ ಡಾಲ್ಫಿನ್ ಹೆಸರು ಮಾಡಿತು.

ಮನೆಗಳಲ್ಲಿ ಮಾತ್ರ ಹೆಸರು ಮಾಡಲಿಲ್ಲ. ಎರಡೇ ಬಾಗಿಲು. ಸೀರೆ ಉಟ್ಟ ಅಜ್ಜಿ ಮುಂದಿನ ಸೀಟು ಮಡಚಿ ಹಿಂದೆ ನುಸುಳಬೇಕು. ಯಾವ ಅಜ್ಜಿ ಒಪ್ಪಿಯಾಳು? 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ತಗಡಿನ ಮೈ, ಹಿಂದೆ ಕೂಡುವವರಿಗೂ ಬಾಗಿಲು. ಸಿಪಾನಿಯವರು ಆಮೇಲೆ ನಾಲ್ಕು ಬಾಗಿಲಿನ ‘ಮೊಂಟಾನಾ’ ಮಾಡಿದರೂ ಗಿರಾಕಿ ತಿರುಗಿ ನೋಡಲಿಲ್ಲ. ಇಂದು ಡಾಲ್ಫಿನ್ ನೋಡಬೇಕೆಂದರೆ ಪುಣ್ಯ ಮಾಡಿರಬೇಕು.

ಅವೆಲ್ಲ ಎಲ್ಲಿ ಹೋದವು? ಯಾರೂ ಸಿಟ್ಟಿನಿಂದ ಒಡೆಯಲಿಲ್ಲ. ಮೊದಲು ಮನೆ ಮುಂದೆ ನಿಂತವು, ಆಮೇಲೆ ಮನೆ ಹಿಂದೆ, ಆಮೇಲೆ ಕೋಳಿ ಕೂಡುವ ಗೂಡಾದವು, ಕೊನೆಗೆ ಗುಜರಿಯವನ ಗಾಡಿ ಏರಿದವು. ಮುಂಬಯಿಯ ಕಪ್ಪು–ಹಳದಿ ಪದ್ಮಿನಿ ಟ್ಯಾಕ್ಸಿಯನ್ನೇ ನೋಡಿ. ಸಾವಿರಾರು ಇದ್ದಾಗ ಯಾರೂ ಕಣ್ಣೆತ್ತಿ ನೋಡಲಿಲ್ಲ. 2023ರ ಅಕ್ಟೋಬರಿನಲ್ಲಿ ಅವು ರಸ್ತೆ ಬಿಡುವಾಗ ಊರೆಲ್ಲ ಅತ್ತಿತು. ಧರ್ಮಸ್ಥಳದ ಕಾರು ಮ್ಯೂಸಿಯಮ್ಮಿಗೆ ಹೋದವರು ಅಲ್ಲಿಯ ಗಾಡಿಗಳ ಎದುರು ಫೋಟೊ ತೆಗೆಸಿಕೊಳ್ಳುತ್ತಾರೆ. ಅಂಥ ಗಾಡಿಗಳಿಗೂ ನಡುವೆ ಮೂವತ್ತು ವರ್ಷ “ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ” ಎನ್ನಿಸಿಕೊಂಡ ಕಾಲ ಇದ್ದೇ ಇರುತ್ತದೆ. ನನ್ನ ಸ್ಟಾರ್ಮ್ ಈಗ ಆ ಕಾಲದಲ್ಲಿದೆ.

ಕಾನೂನಿನ ಕಣ್ಣಿಗೂ ಅದು ನಡುವಿನದೇ. ಸ್ವಂತದ ಕಾರಿಗೆ ಮೊದಲ ನೋಂದಣಿ 15 ವರ್ಷದ್ದು. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. ನನ್ನದು 2016, 2021 ದಾಟಿ 2026ಕ್ಕೆ ಬಂದು ನಿಂತಿದೆ. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರಲ್ಲಿ 5,000 ಆಯಿತು, 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಯಿತು. ಇನ್ನೊಂದು ಕಡೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೇ ಬೇರೆ ನಿಯಮ ಮಾಡಿತು. 50 ವರ್ಷ ತುಂಬಿದ ಗಾಡಿಗೆ 20,000 ರೂಪಾಯಿ ಕಟ್ಟಿದರೆ ‘ವಿಎ’ ಅಕ್ಷರದ ಪ್ರತ್ಯೇಕ ನಂಬರ್ ಪ್ಲೇಟು ಸಿಗುತ್ತದೆ, ಹತ್ತು ವರ್ಷಕ್ಕೆ. ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು. ನನ್ನ ಗಾಡಿಗೆ 50 ತುಂಬುವುದು 2051ರಲ್ಲಿ. ನನಗೆ ಈಗ 71. ಲೆಕ್ಕ ನೀವೇ ಮಾಡಿರಿ, ನಾನು ಮಾಡಿ ನಕ್ಕಿದ್ದೇನೆ.

ಪುಣೆಯಲ್ಲಿರುವ ಮಗ ಹೇಳುತ್ತಾನೆ, “ಅಪ್ಪಾ, ಕೊಟ್ಟ ಬಿಡ್ರಿ. ಗುಜರಿಗೆ ಹಾಕಿದ್ರ ಸರ್ಟಿಫಿಕೇಟ್ ಕೊಡ್ತಾರ, ಹೊಸಾ ಗಾಡಿ ಟ್ಯಾಕ್ಸಿನ್ಯಾಗ ಕಮ್ಮಿ ಆಗ್ತದ.” ಅವನ ಮಾತಿನಲ್ಲಿ ತಪ್ಪಿಲ್ಲ. ಹೊಗೆ ಉಗುಳುತ್ತ ದಿನಕ್ಕೆ ನೂರು ಕಿಲೋಮೀಟರು ಓಡುವ ಮುದಿ ಲಾರಿ ಗುಜರಿಗೆ ಹೋಗಲೇಬೇಕು, ಮಕ್ಕಳ ಎದೆಗೆ ಅದು ವಿಷ. ಆದರೆ ವರ್ಷಕ್ಕೆ 600 ಕಿಲೋಮೀಟರು ಓಡುವ, ಹೊಗೆ ಪರೀಕ್ಷೆ ಪಾಸಾದ ಎರಡು ಸೀಟಿನ ಗಾಡಿಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕೇ? ನಾನು ಒಪ್ಪುವುದಿಲ್ಲ.

ದೊಡ್ಡ ಪೇಚು ಬಂದದ್ದು ಎರಡು ವರ್ಷದ ಹಿಂದೆ. ಎಂಜಿನ್ನಿನ ಟೈಮಿಂಗ್ ಬೆಲ್ಟು ಹಳತಾಗಿತ್ತು. ಅದು ಹರಿದರೆ ಎಂಜಿನ್ನಿನ ಒಳಗಿನ ತಾಳ ತಪ್ಪುತ್ತದೆ, ಗಾಡಿ ಅಲ್ಲೇ ನಿಲ್ಲುತ್ತದೆ. ಬೆಲ್ಟು ಎಲ್ಲೂ ಸಿಗಲಿಲ್ಲ. ಧಾರವಾಡದ ಮಿಸ್ತ್ರಿ ಒಳ್ಳೆಯವನು, ಸುಲಭ ದಾರಿ ಹೇಳಿದ: “ಅಜ್ಜಾರ, ಮಾರುತಿ ಎಂಜಿನ್ ಕೂಡಿಸಿ ಬಿಡ್ತೇನ್ರಿ. ಹತ್ತು ವರ್ಷ ತಲಿಬ್ಯಾನಿ ಇಲ್ಲ.” ಓಡಲಿಕ್ಕೇನೋ ಓಡುತ್ತಿತ್ತು. ಆದರೆ ವಿಂಟೇಜ್ ನಿಯಮದಲ್ಲಿ ಒಂದು ಸಾಲಿದೆ. ಗಾಡಿ ಮೂಲರೂಪದಲ್ಲೇ ಇರಬೇಕು, ಚಾಸಿ, ಮೈ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಇವತ್ತು ಎಂಜಿನ್ ಬದಲಿಸಿದರೆ 2051ರ ಬಾಗಿಲನ್ನು ನಾನೇ ಮುಚ್ಚಿದಂತೆ. ಆಗ ನೆನಪಾದದ್ದು, ಸ್ಟಾರ್ಮಿನ ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯದು. ಯೂರೋಪಿನ ಬೀದಿಬೀದಿಯಲ್ಲಿ ಓಡಾಡಿದ ‘ಟ್ವಿಂಗೊ’ ಎಂಬ ಪುಟ್ಟ ಕಾರಿಗೂ ಅದೇ ಎಂಜಿನ್. ನಮ್ಮಲ್ಲಿ ಅಪರೂಪದ್ದು ಅಲ್ಲಿ ಸಂತೆಯ ಸರಕು! ಜರ್ಮನಿಯಲ್ಲಿರುವ ತಂಗಿಯ ಮಗ ದೀಪಾವಳಿಗೆ ಬರುವಾಗ ಚಾಕೊಲೇಟಿನ ಜೊತೆ ಎರಡು ಬೆಲ್ಟು ತಂದ. ಒಂದು ಹಾಕಿಸಿದೆ. ಇನ್ನೊಂದು ಟ್ರಂಕಿನಲ್ಲಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ, ಮೇಲೆ ತಾರೀಖು ಬರೆದು. ಚಾಕೊಲೇಟು ಆ ರಾತ್ರಿಯೇ ಮುಗಿಯಿತು.

ಪ್ರದರ್ಶನದ ಮಾತು ಹೇಳಬೇಕು. ಒಮ್ಮೆ ದೊಡ್ಡ ಊರಿನಲ್ಲಿ ಹಳೆಗಾಡಿಗಳ ಪ್ರದರ್ಶನಕ್ಕೆ ಒಯ್ದೆ. ಆಸ್ಟಿನ್, ಮಾರಿಸ್, ಶೆವರ್ಲೆಗಳ ಸಾಲು, ಹಿತ್ತಾಳೆಯ ಮಿಂಚು. ನನ್ನದನ್ನು ನೋಡಿದ ಸಂಘಟಕರು “ಇದು ಹಳೇದೇನಲ್ಲಲ್ಲ” ಎಂದು ಗೇಟಿನ ಬಳಿ ಸ್ಕೂಟರುಗಳ ಪಕ್ಕ ನಿಲ್ಲಿಸಿದರು. ಬೇಸರವಾಯಿತು, ಸುಳ್ಳೇಕೆ ಹೇಳಲಿ. ಆದರೆ ಗೇಟಿನ ಬಳಿ ಇದ್ದದ್ದರಿಂದ ಬಂದ ಮಕ್ಕಳೆಲ್ಲ ಮೊದಲು ನೋಡಿದ್ದು ಅದನ್ನೇ. ಒಳಗಿನ ಗಾಡಿಗಳಿಗೆ ಹಗ್ಗ ಕಟ್ಟಿದ್ದರು, ‘ಮುಟ್ಟಬೇಡಿ’ ಎಂಬ ಬೋರ್ಡು. ನಾನು ಬಾಗಿಲು ತೆಗೆದಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಸಾಲು ಗೇಟು ದಾಟಿತ್ತು. ಇಂಗ್ಲೆಂಡಿನಲ್ಲಿ 2014ರಿಂದ ‘ಫೆಸ್ಟಿವಲ್ ಆಫ್ ದಿ ಅನ್‌ಎಕ್ಸೆಪ್ಷನಲ್’ ಎಂಬ ಹಬ್ಬವೇ ನಡೆಯುತ್ತದೆ. ವಿಶೇಷವಲ್ಲದ ಕಾರುಗಳ ಹಬ್ಬ ಎಂದು ಅರ್ಥ. ಅಪ್ಪ ಆಫೀಸಿಗೆ ಹೋಗುತ್ತಿದ್ದಂಥ, ಅವ್ವ ಸಂತೆಗೆ ಒಯ್ಯುತ್ತಿದ್ದಂಥ ಗಾಡಿಗಳನ್ನೇ ಕೋಟೆಯ ಮುಂದಿನ ಹುಲ್ಲಿನ ಮೇಲೆ ನಿಲ್ಲಿಸಿ ಬಹುಮಾನ ಕೊಡುತ್ತಾರೆ. ನಮ್ಮಲ್ಲೂ ಅಂಥದ್ದು ಬೇಕು. ಕೋಟೆ ಇಲ್ಲದಿದ್ದರೆ ಸಾಲೀ ಮೈದಾನ ಇದೆಯಲ್ಲ.

ಪ್ರದರ್ಶನಕ್ಕೆ ಒಯ್ಯುವವರಿಗೆ ನನ್ನ ಅನುಭವದ ಮಾತೊಂದು. ಪಾಲಿಶಿಗಿಂತ ಕಾಗದ ಮುಖ್ಯ. ಕಂಪನಿಯ ಪುಸ್ತಕ, ಮೊದಲ ಬಿಲ್ಲು, ಗಾಡಿಯೊಂದಿಗೆ ಬಂದ ಜಾಕು, ಹಳೆಯ ಫೋಟೊ ಇವನ್ನು ಜೋಪಾನ ಮಾಡಿರಿ. ಮೊಮ್ಮಗಳು, ಆರನೆಯ ಇಯತ್ತೆ, ನನ್ನ ಗಾಡಿಗೆ ಒಂದು ದಾಖಲೆ ವಹಿ ಇಟ್ಟಿದ್ದಾಳೆ. ಯಾವ ದಿನ ಎಷ್ಟು ಕಿಲೋಮೀಟರು, ಯಾವ ಗಾಳಿ ಹಾಕಿದ್ದು, ಇಲಿ ಯಾವ ವೈರು ಕಡಿದದ್ದು, ಎಲ್ಲ ಅದರಲ್ಲಿದೆ. 2051ರಲ್ಲಿ ಅವಳಿಗೆ 36. ಈ ಸಲದ 10,000 ರೂಪಾಯಿಯಲ್ಲಿ ತನ್ನ ಹುಂಡಿಯ 340 ರೂಪಾಯಿ ಸೇರಿಸಿದ್ದಾಳೆ, ಅದನ್ನೂ ವಹಿಯಲ್ಲಿ ಬರೆದುಕೊಂಡಿದ್ದಾಳೆ. ಪಾಲುದಾರಳಂತೆ.

ನಿಮ್ಮ ಓಣಿಯಲ್ಲಿ ಡಾಲ್ಫಿನ್, ಮೊಂಟಾನಾ, ಬಾದಲ್ ಯಾವುದಾದರೂ ಹುಲ್ಲಿನ ಬಣವೆಯ ಹಿಂದೆ ನಿಂತಿದ್ದರೆ ಫೋಟೊ ತೆಗೆದು ಪತ್ರಿಕೆಗೆ ಕಳಿಸಿರಿ. ಅಜ್ಜ ಅಜ್ಜಿಯರು ಅದರಲ್ಲಿ ಕೂತಿದ್ದರೆ ಹಿಂದಿನ ಸೀಟಿಗೆ ಹೇಗೆ ನುಸುಳಿದರು ಎನ್ನುವುದನ್ನೂ ಬರೆಯಿರಿ. ನಮ್ಮ ಗಾಡಿ ಮಳೆಗಾಲ ಮುಗಿದ ಮೇಲೆ ರವಿವಾರ ಬೆಳಿಗ್ಗೆ ಅಂಗಳಕ್ಕೆ ಬರುತ್ತದೆ. ಆ ಕಡೆ ಹಾದುಹೋಗುವ ಮಕ್ಕಳು ಬಾಗಿಲು ತೆಗೆದು ಕೂಡಬಹುದು, ಹಾರ್ನು ಬಾರಿಸಬಹುದು. ಟಪ್ಪಿನ ಗುಂಡಿ ಮಾತ್ರ ಮುಟ್ಟಬೇಡಿ. ಅದು ಟ್ವಿಂಗೊದಲ್ಲಿಲ್ಲ.